ಗಡಿ ದಾಟಿದ ಅಂಕಪಟ್ಟಿ



ಗಡಿನಾಡಿನ ತಾಯಿತಂದೆಗಳಿಗೆ ಜೂನ್ ತಿಂಗಳೆಂದರೆ ಏನೆಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಅಕ್ಕಲಕೋಟೆಯ ಹುಡುಗ ಕಲಬುರಗಿಗೆ ಹೊರಡಬೇಕು, ಕಾಸರಗೋಡಿನ ಹುಡುಗಿ ಮಂಗಳೂರಿಗೆ, ಮಡಕಶಿರದವನು ತುಮಕೂರಿಗೆ. ದಾರಿ ಕೆಲವು ತಾಸಿನದು ಮಾತ್ರ. ಆದರೆ ನಡುವೆ ರಾಜ್ಯದ ಗಡಿಯೊಂದು ಇದೆಯಲ್ಲ, ಅದರ ಸಲುವಾಗಿ ಅಂಕಪಟ್ಟಿಯ ಜೊತೆಗೆ ಮೈಗ್ರೇಶನ್ ಸರ್ಟಿಫಿಕೇಟು ಬೇಕು, ಎಲಿಜಿಬಿಲಿಟಿ ಸರ್ಟಿಫಿಕೇಟು ಬೇಕು. ನಾನು ಬ್ಯಾಂಕಿನ ಕೌಂಟರಿನಲ್ಲಿ ಕೂತಿದ್ದ ವರ್ಷಗಳಲ್ಲಿ ಆ ತಿಂಗಳು ಡಿ.ಡಿ. ಮಾಡಿಸಲು ಸಾಲು ನಿಲ್ಲುವವರಲ್ಲಿ ಬಹಳ ಮಂದಿ ಇಂಥ ಶುಲ್ಕ ಕಟ್ಟುವವರೇ ಆಗಿರುತ್ತಿದ್ದರು. ಇದೇ ತೊಡಕು ಯುರೋಪಿನ ದೇಶಗಳ ನಡುವೆಯೂ ಇತ್ತು. ನಮ್ಮದಕ್ಕಿಂತ ಕಠಿಣವಾಗಿಯೇ ಇತ್ತು. ಅದನ್ನು ಅವರು ಹೇಗೆ ಬಿಡಿಸಿಕೊಂಡರು, ಎಷ್ಟರ ಮಟ್ಟಿಗೆ ಬಿಡಿಸಿಕೊಂಡರು ಎಂಬುದನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ. ಆ ಏರ್ಪಾಡಿಗೆ ಎರಾಸ್ಮಸ್ ಯೋಜನೆ ಎಂದು ಹೆಸರು.

ಮೊದಲು ಒಬ್ಬ ಹೆಣ್ಣುಮಗಳ ಕಥೆ ಕೇಳಿ. ಸೋಫಿಯಾ ಕೊರಾದಿ ಎಂಬಾಕೆ 1934ರಲ್ಲಿ ರೋಮ್ ನಗರದಲ್ಲಿ ಹುಟ್ಟಿದವಳು. ಅಲ್ಲಿಯ ಸಪಿಯೆಂಜಾ ವಿಶ್ವವಿದ್ಯಾಲಯದಲ್ಲಿ ಕಾನೂನು ಓದುತ್ತಿದ್ದಾಗ ಅವಳಿಗೆ ಅಮೆರಿಕದ ಫುಲ್‌ಬ್ರೈಟ್ ವಿದ್ಯಾರ್ಥಿವೇತನ ದೊರೆಯಿತು. ಈ ಫುಲ್‌ಬ್ರೈಟ್ ಎಂಬುದು 1946ರಲ್ಲಿ ಶುರುವಾದದ್ದು. ಮಹಾಯುದ್ಧ ಮುಗಿದ ಮೇಲೆ ಹೊರದೇಶಗಳಲ್ಲಿ ಉಳಿದಿದ್ದ ಅಮೆರಿಕದ ಸೈನ್ಯದ ಸಾಮಾನನ್ನು ಮಾರಿ ಬಂದ ಹಣವೇ ಅದಕ್ಕೆ ಮೊದಲ ಬಂಡವಾಳ. ಯುದ್ಧದ ಗುಜರಿ ಮಾರಿ ಮಕ್ಕಳನ್ನು ಓದಿಸಿದರು ಎನ್ನಿ. ಸೋಫಿಯಾ 1957ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋಗಿ, ಕಾನೂನಿನಲ್ಲಿ ಸ್ನಾತಕೋತ್ತರ ಪದವಿ ಪಡೆದು ಮರುವರ್ಷ ತಿರುಗಿ ಬಂದಳು.

ಬಂದವಳು ತನ್ನ ಕಾಗದ ತೋರಿಸಿ, ಅಲ್ಲಿ ಓದಿದ್ದನ್ನು ಇಲ್ಲಿಯ ಪದವಿಗೆ ಲೆಕ್ಕ ಹಿಡಿಯಿರಿ ಎಂದು ಕೇಳಿದಳು. ಕಚೇರಿಯಲ್ಲಿ ಕೂತಿದ್ದ ಅಧಿಕಾರಿ ಹಿಡಿಯಲಿಲ್ಲ. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ತಿರುಗಾಡಲು ಹೋಗಿ ಬಂದು ಪದವಿ ಕೇಳುತ್ತೀಯಾ ಎಂಬ ಧಾಟಿಯಲ್ಲಿ ಎಲ್ಲರ ಎದುರು ಹಂಗಿಸಿದ. ಅವಳು ಉಳಿದ ಪರೀಕ್ಷೆಗಳನ್ನೆಲ್ಲ ಮತ್ತೆ ಬರೆಯಬೇಕಾಯಿತು. ಆ ಅವಮಾನ ಅವಳ ಮನಸ್ಸಿನಿಂದ ಹೋಗಲಿಲ್ಲ. ಮುಂದೆ ಇಟಲಿಯ ವಿಶ್ವವಿದ್ಯಾಲಯಗಳ ಕುಲಪತಿಗಳ ಮಂಡಳಿಗೆ ಸಲಹೆಗಾರಳಾದಾಗ, 1969ರಲ್ಲಿ, ಹೊರದೇಶದಲ್ಲಿ ಓದಿದ ಅವಧಿಯನ್ನು ಸ್ವದೇಶದ ಪದವಿಗೆ ಸೇರಿಸಬೇಕು ಎಂದು ಟಿಪ್ಪಣಿ ಬರೆದಳು. ಅದು ಕಾನೂನಾಗಲಿಲ್ಲ. ಆಕೆ ಬಿಡಲೂ ಇಲ್ಲ. ಮಂತ್ರಿಗಳು, ಕುಲಪತಿಗಳು, ಸಭೆಗಳು ಎಂದು 18 ವರ್ಷ ತಿರುಗಿದಳು. ಅವಳನ್ನು ಯುರೋಪಿನ ವಿದ್ಯಾರ್ಥಿಗಳು 'ಎರಾಸ್ಮಸ್ ತಾಯಿ' ಎಂದೇ ಕರೆದರು. 2025ರ ಅಕ್ಟೋಬರಿನಲ್ಲಿ, 91ನೇ ವಯಸ್ಸಿನಲ್ಲಿ ಆಕೆ ತೀರಿಕೊಂಡಳು.

ಆದರೆ ಒಬ್ಬಳ ಹಟದಿಂದಲೇ ಇಷ್ಟೆಲ್ಲ ಆಯಿತೆಂದರೆ ತಪ್ಪಾದೀತು. ಯುರೋಪಿನ ಗಡಿಗಳ ಇತಿಹಾಸವೂ ಇದರ ಹಿಂದಿದೆ. ಸ್ಟ್ರಾಸ್‌ಬರ್ಗ್ ಎಂಬ ಊರನ್ನೇ ತೆಗೆದುಕೊಳ್ಳಿ. ರೈನ್ ನದಿಯ ದಂಡೆಯ ಮೇಲಿದೆ. ಹೊಳೆಯ ಆಚೆ ಜರ್ಮನಿ, ಈಚೆ ಫ್ರಾನ್ಸ್. 1870ರ ಯುದ್ಧದಲ್ಲಿ ಜರ್ಮನರ ಫಿರಂಗಿಗಳು ಆ ಊರಿನ ಗ್ರಂಥಭಂಡಾರವನ್ನು ಸುಟ್ಟವು. 1871ರಲ್ಲಿ ಊರು ಜರ್ಮನಿಗೆ ಸೇರಿತು, ಮರುವರ್ಷ ಅಲ್ಲಿ ಜರ್ಮನ್ ವಿಶ್ವವಿದ್ಯಾಲಯ ತೆರೆಯಿತು. 1918ರಲ್ಲಿ ಊರು ಮತ್ತೆ ಫ್ರಾನ್ಸಿಗೆ, ವಿಶ್ವವಿದ್ಯಾಲಯವೂ ಫ್ರೆಂಚರದು. 1940ರಲ್ಲಿ ಮತ್ತೆ ಜರ್ಮನಿಗೆ, ಯುದ್ಧ ಮುಗಿಯುವಾಗ ಮತ್ತೆ ಫ್ರಾನ್ಸಿಗೆ. 1870ರಲ್ಲಿ ಅಲ್ಲಿ ಹುಟ್ಟಿ 75 ವರ್ಷ ಬಾಳಿದ ಮುದುಕನೊಬ್ಬ ತನ್ನ ಮನೆಯ ಹೊಸ್ತಿಲು ದಾಟದೆಯೇ ನಾಲ್ಕು ಸಲ ದೇಶ ಬದಲಿಸಿದಂತಾಯಿತು. ಅವನ ಮಗ ಒಂದು ಭಾಷೆಯಲ್ಲಿ ಓದಿದರೆ ಮೊಮ್ಮಗ ಇನ್ನೊಂದರಲ್ಲಿ. ನಕಾಶೆಯ ಗೆರೆ ಸರಿದಾಗ ಮನೆಮಂದಿಯ ಮಾತು ಏನಾಗುತ್ತದೆಂಬುದು ನಮ್ಮ ಭಾಗದ ಹಿರಿಯರಿಗೆ ಹೊಸ ಸಂಗತಿಯಲ್ಲ. ಆದರೆ ಅಲ್ಲಿ ಪ್ರತಿ ಸಲವೂ ಗೆರೆಯನ್ನು ಎಳೆದದ್ದು ರಕ್ತದಲ್ಲಿ.

1939ರಲ್ಲಿ ಯುದ್ಧ ಶುರುವಾದಾಗ ಸ್ಟ್ರಾಸ್‌ಬರ್ಗಿನ ಫ್ರೆಂಚ್ ವಿಶ್ವವಿದ್ಯಾಲಯ ದೂರದ ಕ್ಲೆರ್ಮಾಂ-ಫೆರಾಂ ಎಂಬ ಊರಿಗೆ ಗಂಟುಮೂಟೆ ಕಟ್ಟಿತು. ಖಾಲಿಯಾದ ಕಟ್ಟಡಗಳಲ್ಲಿ ನಾಜಿಗಳು 1941ರಲ್ಲಿ ತಮ್ಮ ವಿಶ್ವವಿದ್ಯಾಲಯ ತೆರೆದರು. 1943ರ ನವೆಂಬರ್ 25ರಂದು ಜರ್ಮನ್ ಪಡೆ ಕ್ಲೆರ್ಮಾಂನಲ್ಲಿದ್ದ ವಿಶ್ವವಿದ್ಯಾಲಯವನ್ನು ಮುತ್ತಿ ನೂರಾರು ವಿದ್ಯಾರ್ಥಿಗಳನ್ನೂ ಅಧ್ಯಾಪಕರನ್ನೂ ಹಿಡಿದೊಯ್ದಿತು. ಯಾತನಾ ಶಿಬಿರಗಳಿಗೆ ಹೋದವರಲ್ಲಿ ಹಲವರು ತಿರುಗಿ ಬರಲಿಲ್ಲ.

ಇಷ್ಟಾದ ಮೇಲೆ, ಇಪ್ಪತ್ತು ವರ್ಷವೂ ತುಂಬುವ ಮೊದಲೇ, 1963ರ ಜನವರಿ 22ರಂದು ಫ್ರಾನ್ಸಿನ ದ ಗಾಲ್ ಮತ್ತು ಜರ್ಮನಿಯ ಆಡೆನೌವರ್ ಪ್ಯಾರಿಸಿನಲ್ಲಿ ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಅದರ ಫಲವಾಗಿ ಅದೇ ವರ್ಷ ಎರಡೂ ದೇಶಗಳ ಹಣದಿಂದ ಒಂದು ಯುವಜನ ಕಚೇರಿ ತೆರೆಯಿತು. ಅದರ ಮೂಲಕ ಇಂದಿನವರೆಗೆ 90 ಲಕ್ಷಕ್ಕೂ ಹೆಚ್ಚು ಹುಡುಗ ಹುಡುಗಿಯರು ಆಚೆ ದೇಶಕ್ಕೆ ಹೋಗಿ ಬಂದಿದ್ದಾರೆ. ಇದು ದೊಡ್ಡ ಕೆಲಸವೇ. ಆದರೂ ಒಂದು ಕೊರತೆ ಉಳಿಯಿತು. ನೆಂಟರ ಮನೆಗೆ ಹೋಗಿ ಬಂದಂತೆ ಹೋಗಿ ಬರಬಹುದಿತ್ತೇ ಹೊರತು, ಅಲ್ಲಿ ಓದಿದ ಓದು ಇಲ್ಲಿಯ ಪದವಿಗೆ ಸೇರುವ ಭರವಸೆ ಇರಲಿಲ್ಲ.

ಆ ಕೊರತೆ ನೀಗಿಸಲು ಕಾನೂನೇ ಅಡ್ಡ ಬಂತು. ಯುರೋಪಿನ ಆರು ದೇಶಗಳು 1957ರಲ್ಲಿ ರೋಮಿನಲ್ಲಿ ಮಾಡಿಕೊಂಡ ಒಪ್ಪಂದ ವ್ಯಾಪಾರದ್ದು. ಅದರಲ್ಲಿ ವೃತ್ತಿ ತರಬೇತಿಯ ಮಾತಿತ್ತು, ವಿಶ್ವವಿದ್ಯಾಲಯದ ಮಾತಿರಲಿಲ್ಲ. ಬಾಗಿಲು ತೆರೆಯಲು ದಾರಿ ಮಾಡಿದ್ದು, ನಂಬುತ್ತೀರೋ ಇಲ್ಲವೋ, ಚಿತ್ರಕಥೆ ಬರೆಯುವ ಒಂದು ಕೋರ್ಸು. ಫ್ರಾನ್ಸಿನ ಹುಡುಗಿಯೊಬ್ಬಳು ಬೆಲ್ಜಿಯಂ ದೇಶದ ಲಿಯೇಜ್ ಊರಿನ ಕಲಾಶಾಲೆಗೆ ಕಾಮಿಕ್ಸ್ ಚಿತ್ರ ಕಲಿಯಲು ಸೇರಿದಳು. ಬೆಲ್ಜಿಯಂ ಮಕ್ಕಳಿಗಿಲ್ಲದ ವಿಶೇಷ ಶುಲ್ಕವನ್ನು ಪರದೇಶದವಳೆಂದು ಅವಳಿಗೆ ಹೇರಿದರು. ಅವಳು ಕೋರ್ಟಿಗೆ ಹೋದಳು. ಯುರೋಪಿನ ನ್ಯಾಯಾಲಯ 1985ರ ಫೆಬ್ರವರಿಯಲ್ಲಿ, ಇಂಥ ಓದೂ ವೃತ್ತಿ ತರಬೇತಿಯೇ, ಆದ್ದರಿಂದ ಸದಸ್ಯ ದೇಶದವರ ನಡುವೆ ಶುಲ್ಕದಲ್ಲಿ ಭೇದ ಮಾಡಕೂಡದು ಎಂದು ತೀರ್ಪು ಕೊಟ್ಟಿತು. ಹೊರರಾಜ್ಯದವರೆಂದು ಹೆಚ್ಚು ಫೀಜು ಕಟ್ಟಿದವರು ನಿಮ್ಮಲ್ಲಿದ್ದರೆ ಈ ತೀರ್ಪಿನ ತೂಕ ಅವರಿಗೆ ಬೇಗ ತಿಳಿಯುತ್ತದೆ.

ಈ ಆಧಾರದ ಮೇಲೆ ಯುರೋಪಿನ ಆಯೋಗ ಯೋಜನೆಯ ಕರಡು ತಂದಿತು. ಕೆಲವು ದೊಡ್ಡ ದೇಶಗಳಿಗೆ ಖರ್ಚಿನ ಚಿಂತೆ. ಚೌಕಾಶಿ ಎಷ್ಟು ನಡೆಯಿತೆಂದರೆ, 1986ರ ಕೊನೆಗೆ ಆಯೋಗ ಬೇಸತ್ತು ಕರಡನ್ನೇ ಹಿಂತೆಗೆದುಕೊಂಡಿತು. ಕೊನೆಗೆ 1987ರ ಜೂನ್ 15ರಂದು ಮಂಜೂರಾಯಿತು. ಮೂರು ವರ್ಷಕ್ಕೆ ಎಂಟೂವರೆ ಕೋಟಿ ಎಕು. ಯೂರೋ ಬರುವ ಮೊದಲು ಅವರು ಲೆಕ್ಕಕ್ಕೆ ಬಳಸುತ್ತಿದ್ದ ನಾಣ್ಯ ಅದು. ಹಾಲೆಂಡಿನ ರಾಟರ್‌ಡ್ಯಾಮಿನಲ್ಲಿ ಹುಟ್ಟಿ, ಪ್ಯಾರಿಸ್, ಕೇಂಬ್ರಿಜ್, ಲೂವೆನ್, ಬಾಸೆಲ್ ಎಂದು ಊರೂರಿನಲ್ಲಿ ನೆಲೆಸಿ 1536ರಲ್ಲಿ ತೀರಿಕೊಂಡ ಪಂಡಿತ ಎರಾಸ್ಮಸನ ಹೆಸರಿಟ್ಟರು. ಮೊದಲ ವರ್ಷ 11 ದೇಶಗಳಿಂದ ಹೊರಟವರು 3,244 ವಿದ್ಯಾರ್ಥಿಗಳು.

ಇನ್ನು ಅದು ನಡೆಯುವ ಬಗೆ. ಇದನ್ನು ಬ್ಯಾಂಕಿನ ಭಾಷೆಯಲ್ಲೇ ಹೇಳುತ್ತೇನೆ, ನನಗೆ ಬರುವುದು ಅದೇ. ಬೇರೆ ಬ್ಯಾಂಕಿನ ಚೆಕ್ಕನ್ನು ನಿಮ್ಮ ಖಾತೆಗೆ ಹಾಕಿದರೆ ಹಣ ಹೇಗೆ ಬರುತ್ತದೆ? ಒಂದೊಂದು ಚೆಕ್ಕಿಗೂ ನಾವು ಆ ಬ್ಯಾಂಕಿಗೆ ಓಡುವುದಿಲ್ಲ. ಎಲ್ಲ ಬ್ಯಾಂಕುಗಳ ಚೆಕ್ಕಿನ ಲೆಕ್ಕವೂ ಒಂದು ಕಡೆ ಕಲೆತು, ಉಳಿದ ವ್ಯತ್ಯಾಸ ಮಾತ್ರ ಚುಕ್ತಾ ಆಗುತ್ತದೆ. ಅದಕ್ಕೆ ಕ್ಲಿಯರಿಂಗ್ ಎನ್ನುತ್ತೇವೆ. ಎರಾಸ್ಮಸ್ ಕೂಡ ಓದಿನ ಕ್ಲಿಯರಿಂಗ್. ಇಟಲಿಯ ಹುಡುಗ ಸ್ಪೇನಿಗೆ ಹೋದರೆ ಅಲ್ಲಿ ಬೋಧನಾ ಶುಲ್ಕ ಕಟ್ಟುವುದಿಲ್ಲ, ತನ್ನೂರಿನಲ್ಲಿ ಕಟ್ಟಿದ್ದೇ ಸಾಕು. ಸ್ಪೇನಿನವನು ಇಲ್ಲಿಗೆ ಬಂದರೂ ಹಾಗೆಯೇ. ಹೊರಡುವ ಮೊದಲೇ ಯಾವ ವಿಷಯ ಓದುತ್ತಾನೆಂದು ಒಂದು ಕರಾರುಪತ್ರವಾಗುತ್ತದೆ. ವಿದ್ಯಾರ್ಥಿ, ಕಳಿಸುವವರು, ಕರೆಸಿಕೊಳ್ಳುವವರು, ಮೂವರದೂ ಸಹಿ. ತಿರುಗಿ ಬಂದ ಮೇಲೆ ತಕರಾರು ತೆಗೆಯಬಾರದೆಂದೇ ಈ ಸಹಿ.

ಆದರೆ ಅಂಕದ ನಾಣ್ಯ ಎಲ್ಲ ಕಡೆ ಒಂದೇ ಅಲ್ಲ. ಇಟಲಿಯಲ್ಲಿ ಪರೀಕ್ಷೆಗೆ 30 ಅಂಕ, ಫ್ರಾನ್ಸಿನಲ್ಲಿ 20. ಜರ್ಮನಿಯಲ್ಲಿ 1 ಎಂದರೆ ಅತ್ಯುತ್ತಮ, 5 ಎಂದರೆ ನಪಾಸು. ಅಂದರೆ ಜರ್ಮನಿಯಲ್ಲಿ 1 ಬಂದವನ ಮನೆಯಲ್ಲಿ ಹಬ್ಬ, ಫ್ರಾನ್ಸಿನಲ್ಲಿ 1 ಬಂದವನ ಮನೆಯಲ್ಲಿ ಅಳು. ಅದಕ್ಕಾಗಿ 1989ರಲ್ಲಿ ಕ್ರೆಡಿಟ್ ಎಂಬ ಅಳತೆಯನ್ನು 145 ಸಂಸ್ಥೆಗಳಲ್ಲಿ, ವೈದ್ಯ, ರಸಾಯನ, ಇತಿಹಾಸ, ವಾಣಿಜ್ಯ, ಯಂತ್ರವಿದ್ಯೆ ಎಂಬ ಐದು ವಿಷಯಗಳಲ್ಲಿ ಪ್ರಯೋಗ ಮಾಡಿ ನೋಡಿದರು. ಒಂದು ವರ್ಷದ ಓದಿಗೆ 60 ಕ್ರೆಡಿಟ್, ಅರ್ಧ ವರ್ಷಕ್ಕೆ 30. 1999ರಲ್ಲಿ ಬೊಲೊನ್ಯಾ ನಗರದಲ್ಲಿ 29 ದೇಶಗಳ ಪ್ರತಿನಿಧಿಗಳು ಸೇರಿ, ಇಂಥ ಅಳತೆ ಎಲ್ಲ ಕಡೆ ಬರಲಿ ಎಂದು ಸಹಿ ಹಾಕಿದರು. ಸೋಫಿಯಾ ಅತ್ತು ತಿರುಗಿ ಹೋದ ಕಿಟಕಿ ಅಂದು ತೆರೆಯಿತೆನ್ನಬಹುದು.

ವಿದ್ಯಾರ್ಥಿವೇತನದ ಮೊತ್ತ ಮಾತ್ರ ದೊಡ್ಡದಲ್ಲ. ಮನೆಯಲ್ಲಿದ್ದಾಗಿನ ಖರ್ಚಿಗೂ ಪರಸ್ಥಳದ ಖರ್ಚಿಗೂ ಇರುವ ಅಂತರಕ್ಕೆ ನೆರವು, ಅಷ್ಟೇ. ಉಳಿದದ್ದನ್ನು ಮನೆಯವರು ತುಂಬಬೇಕು. ಆದ್ದರಿಂದ ಉಳ್ಳವರ ಮಕ್ಕಳೇ ಹೆಚ್ಚಾಗಿ ಹೋಗುತ್ತಾರೆಂಬ ದೂರು ಮೊದಲಿನಿಂದಲೂ ಇದೆ, ಅದು ನ್ಯಾಯವಾದ ದೂರು. 2021ರಲ್ಲಿ ಶುರುವಾದ ಅವಧಿಯಲ್ಲಿ ಅನುಕೂಲವಿಲ್ಲದ ವಿದ್ಯಾರ್ಥಿಗಳಿಗೆ ತಿಂಗಳಿಗೆ 250 ಯೂರೋ ಹೆಚ್ಚಿಗೆ ಕೊಡುವ ನಿಯಮ ಬಂತು. ಆ ಬುದ್ಧಿ ಬರಲು 34 ವರ್ಷ ಬೇಕಾಯಿತೇ ಎಂದು ನನ್ನ ಪ್ರಶ್ನೆ. ಏನೇ ಇರಲಿ, 1987ರಿಂದ ಈ ಯೋಜನೆಯ ಪ್ರಯೋಜನ ಪಡೆದವರು ಒಂದೂವರೆ ಕೋಟಿಯನ್ನು ಮೀರಿದ್ದಾರೆ.

ಇಂಥ ಕೂಟದಿಂದ ಹೊರಬಿದ್ದವರ ಕಥೆಯೂ ಇದೆ. 2014ರ ಫೆಬ್ರವರಿಯಲ್ಲಿ ಸ್ವಿಟ್ಜರ್ಲೆಂಡಿನ ಮತದಾರರು ವಲಸೆಗೆ ಮಿತಿ ಬೇಕೆಂದರು. ಒಕ್ಕೂಟಕ್ಕೆ ಹೊಸದಾಗಿ ಸೇರಿದ್ದ ಕ್ರೊಯೇಷಿಯಾದವರಿಗೆ ಮುಕ್ತ ಪ್ರವೇಶ ಕೊಡುವ ಕಾಗದಕ್ಕೆ ಸ್ವಿಸ್ ಸರ್ಕಾರ ಆಗ ಸಹಿ ಹಾಕಲಿಲ್ಲ. ಕೂಡಲೇ ಎರಾಸ್ಮಸ್ ಮಾತುಕತೆ ನಿಂತಿತು. ಮತ ಹಾಕಿದ್ದು ದೊಡ್ಡವರು, ಹಾಸ್ಟೆಲಿನ ಕೋಣೆ ಕಳೆದುಕೊಂಡದ್ದು ಮಕ್ಕಳು. ಸ್ವಿಟ್ಜರ್ಲೆಂಡ್ ತನ್ನದೇ ಗಂಟಿನಿಂದ, ಹೋಗುವವರಿಗೂ ಬರುವವರಿಗೂ ತಾನೇ ಹಣ ಕೊಟ್ಟು ಸಂಬಂಧ ಉಳಿಸಿಕೊಂಡಿತು. 2027ರಿಂದ ಮತ್ತೆ ಸೇರುವ ಒಪ್ಪಂದಕ್ಕೆ 2025ರ ನವೆಂಬರಿನಲ್ಲಿ ಸಹಿಯಾಯಿತು.

ಬ್ರಿಟನ್ ತಾನಾಗಿಯೇ 2020ರ ಕೊನೆಗೆ ಹೊರನಡೆಯಿತು. ನಮ್ಮಲ್ಲಿಗೆ ಬರುವವರು ಹೆಚ್ಚು, ನಮ್ಮಿಂದ ಹೋಗುವವರು ಕಡಿಮೆ, ಆದ್ದರಿಂದ ನಷ್ಟ ಎಂಬುದು ಆ ಸರ್ಕಾರದ ಲೆಕ್ಕ. ಲೆಜರು ನೋಡಿದರೆ ಆ ಮಾತು ಸುಳ್ಳಲ್ಲ. ಆದರೆ ಬಂದ ಹುಡುಗರು ಬಾಡಿಗೆ ಕೊಡುತ್ತಾರೆ, ಊಟ ಮಾಡುತ್ತಾರೆ, ಆ ದೇಶದ ಮಾತು ಕಲಿತು ಹೋಗಿ ಮುಂದೆ ಅದರೊಡನೆ ವ್ಯವಹಾರ ಮಾಡುತ್ತಾರೆ. ಅದಕ್ಕೆ ಆ ಲೆಜರಿನಲ್ಲಿ ಕಾಲಂ ಇರಲಿಲ್ಲ. 2021ರಲ್ಲಿ ಬ್ರಿಟನ್ ತಂದ ಟ್ಯೂರಿಂಗ್ ಯೋಜನೆ ತನ್ನ ಮಕ್ಕಳನ್ನು ಹೊರಗೆ ಕಳಿಸಲು ಮಾತ್ರ ಹಣ ಕೊಟ್ಟಿತು. ಈ ನಡುವೆ ಗಡಿಯವರು ಸಿಕ್ಕಿಕೊಂಡರು. ಉತ್ತರ ಐರ್ಲೆಂಡ್ ಬ್ರಿಟನ್ನಿನದು, ಗಡಿಯಾಚೆಯ ಐರ್ಲೆಂಡ್ ಒಕ್ಕೂಟದ್ದು. ಆಗ ಡಬ್ಲಿನ್ ಸರ್ಕಾರ, ಉತ್ತರದ ವಿದ್ಯಾರ್ಥಿಗಳ ಎರಾಸ್ಮಸ್ ಖರ್ಚನ್ನು ತಾನು ಹೊರುತ್ತೇನೆಂದು ಮುಂದೆ ಬಂದಿತು. ಬ್ರಿಟನ್ ಕೂಡ 2027ರಲ್ಲಿ ಮರಳಿ ಸೇರುವುದಾಗಿ 2025ರ ಡಿಸೆಂಬರಿನಲ್ಲಿ ಸಾರಿತು.

ಸ್ಟ್ರಾಸ್‌ಬರ್ಗಿನ ಮಾತು ಅರ್ಧಕ್ಕೆ ನಿಂತಿತ್ತು. 1989ರಲ್ಲಿ ರೈನ್ ನದಿಯ ಆಸುಪಾಸಿನ ವಿಶ್ವವಿದ್ಯಾಲಯಗಳು ತಮ್ಮತಮ್ಮಲ್ಲೇ ಒಂದು ಕೂಟ ಕಟ್ಟಿಕೊಂಡವು. ಅದರ ಹೆಸರು ಯೂಕೊರ್. ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ಮತ್ತು ಮುಲೂಸ್, ಜರ್ಮನಿಯ ಫ್ರೈಬುರ್ಗ್ ಮತ್ತು ಕಾರ್ಲ್ಸ್‌ರೂಹೆ, ಸ್ವಿಟ್ಜರ್ಲೆಂಡಿನ ಬಾಸೆಲ್ ಅದರಲ್ಲಿವೆ. ಒಂದರಲ್ಲಿ ಹೆಸರು ಹಚ್ಚಿದವರು ಹೆಚ್ಚಿನ ಶುಲ್ಕವಿಲ್ಲದೆ ಇನ್ನೊಂದರಲ್ಲಿ ಪಾಠ ಕೇಳಬಹುದು. ಎರಾಸ್ಮಸ್ಸಿನಿಂದ ಸ್ವಿಟ್ಜರ್ಲೆಂಡ್ ಹೊರಬಿದ್ದಾಗಲೂ ಬಾಸೆಲ್ ಈ ಕೂಟದಲ್ಲಿ ಉಳಿಯಿತು. 2017ರಿಂದ ಸ್ಟ್ರಾಸ್‌ಬರ್ಗಿನ ಟ್ರಾಮ್ ಗಾಡಿ ರೈನ್ ದಾಟಿ ಜರ್ಮನಿಯ ಕೇಲ್ ಊರಿಗೆ ಹೋಗಿ ಬರುತ್ತಿದೆ.

ಕೊನೆಯದಾಗಿ, ನಮ್ಮ ಮಕ್ಕಳಿಗೆ ಇದರಲ್ಲಿ ಏನಿದೆ ಎಂದು ನೀವು ಕೇಳಬಹುದು. ಇದೆ. 2004ರಿಂದ ಎರಾಸ್ಮಸ್ ಮುಂಡಸ್ ಎಂಬ ಸ್ನಾತಕೋತ್ತರ ಕೋರ್ಸುಗಳಿವೆ, ಹೊರಗಿನ ದೇಶದವರಿಗೂ ಅವು ತೆರೆದಿವೆ. ಭಾರತದ ಮಕ್ಕಳು ಅದನ್ನು ಪಡೆಯುವುದರಲ್ಲಿ ಹಿಂದೆ ಬಿದ್ದಿಲ್ಲ. 2021ರಿಂದ 2027ರ ಅವಧಿಯ ನಿಯಮದಂತೆ ಆಯ್ಕೆಯಾದವರಿಗೆ ತಿಂಗಳಿಗೆ 1,400 ಯೂರೋ, ಹೆಚ್ಚೆಂದರೆ 24 ತಿಂಗಳು, ಬೋಧನಾ ಶುಲ್ಕವಿಲ್ಲ. ಓದು ಎರಡಕ್ಕೆ ಕಡಿಮೆಯಿಲ್ಲದಷ್ಟು ದೇಶಗಳಲ್ಲಿ ನಡೆಯುತ್ತದೆ. ನಡುವೆ ಏಜೆಂಟರ ಅಗತ್ಯವಿಲ್ಲ, ಆ ಹೆಸರಿನಲ್ಲಿ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಆಯಾ ಕೋರ್ಸು ನಡೆಸುವವರಿಗೇ ನೇರವಾಗಿ ಅರ್ಜಿ ಹಾಕಬೇಕು. ಸಾಮಾನ್ಯವಾಗಿ ಅಕ್ಟೋಬರಿನಿಂದ ಜನವರಿಯೊಳಗೆ ಅರ್ಜಿ ಕರೆಯುತ್ತಾರೆ. ಪದವಿಯ ಕೊನೆಯ ವರ್ಷದಲ್ಲಿರುವವರು ಈಗಿನಿಂದಲೇ ಅಂಕಪಟ್ಟಿಗಳ ನಕಲು ತೆಗೆಸಿ ಇಟ್ಟುಕೊಳ್ಳುವುದು ಒಳ್ಳೆಯದು.