ರೆಕ್ಕೆಯ ತುದಿಯ ಮೂಲೆಮಟ್ಟ

ನಮ್ಮ ತ್ರಾಸಿಯ ಕಡಲ ದಂಡೆಯಲ್ಲಿ ನಿಂತು ಪಡುವಣಕ್ಕೆ ನೋಡಿದರೆ, ನೀರೂ ಬಾನೂ ಸೇರುವಲ್ಲಿ ಅಡಿಪಟ್ಟಿ ಇಟ್ಟು ಎಳೆದಂಥ ಒಂದು ಗೆರೆ ಕಾಣುತ್ತದೆ. ಅದನ್ನು ಕಂಡಾಗಲೆಲ್ಲ ನನಗೆ ಹಳೆಯ ವಿದ್ಯಾರ್ಥಿನಿಯೊಬ್ಬಳ ನೆನಪಾಗುತ್ತದೆ. ಕಂಪಾಸು ಪೆಟ್ಟಿಗೆಯ ಮೂಲೆಮಟ್ಟವನ್ನು ಎತ್ತಿ ಹಿಡಿದು, "ಟೀಚರ್, ಈ 45 ಡಿಗ್ರಿ ಎಂತಕ್ಕೆ ಬೇಕು?" ಎಂದು ಕೇಳಿದ್ದಳು. "ಪರೀಕ್ಷೆಗೆ ಬೇಕು, ಕೂತ್ಕೋ" ಎಂದು ಬಾಯಿ ಮುಚ್ಚಿಸಿದ್ದೆ. ನನಗೇ ಸರಿಯಾದ ಉತ್ತರ ಸಿಕ್ಕಿದ್ದು ಎಷ್ಟೋ ವರ್ಷಗಳ ಮೇಲೆ, ವಿಮಾನಗಳ ಕುರಿತು ಓದುವಾಗ.

ವಿಮಾನದಿಂದ ಆಕಾಶದಲ್ಲಿ ಲಾಗ ಹಾಕಿಸುವ ಸಾಹಸ ಹಳೆಯದು. ರಷ್ಯಾದ ಸೇನೆಯ ಪ್ಯೋತರ್ ನೆಸ್ತೆರೋವ್ 1913ರಲ್ಲಿಯೇ ಮೇಲಕ್ಕೇರಿ, ತಲೆಕೆಳಗಾಗಿ, ಒಂದು ಪೂರ್ತಿ ಸುತ್ತು ಹಾಕಿದ್ದ. ನಮ್ಮ ಬೆಂಗಳೂರಿನ ಎಚ್.ಎ.ಎಲ್.ನಲ್ಲಿ ಡಾ. ವಿ.ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡು 1951ರಲ್ಲಿ ಮೊದಲು ಹಾರಿದ ಎಚ್.ಟಿ.-2 ಎಂಬ ಎರಡು ಸೀಟಿನ ಪುಟ್ಟ ವಿಮಾನಕ್ಕೂ ಈ ವಿದ್ಯೆ ಬರುತ್ತಿತ್ತು. ವಾಯುಪಡೆಯ ಹುಡುಗರು ದಶಕಗಳ ಕಾಲ ಅದರಲ್ಲಿ ಹಾರಲು ಕಲಿತರು.

ಆದರೆ ಗಿರಗಿರನೆ ತಿರುಗಿ ನಿಂತ ಮಗುವಿಗೆ ನೆಲವೇ ತಿರುಗಿದಂತೆ ಆಗುವುದಿಲ್ಲವೇ? ಕಿವಿಯೊಳಗಿನ ದ್ರವ ಮಾಡುವ ಮೋಸ ಅದು. ವಿಮಾನ ಮೂತಿ ಎತ್ತಿ ಏರುವಾಗಲಂತೂ ಎದುರಿಗೆ ಬರೀ ನೀಲಿ. ನೆಟ್ಟಗಿದ್ದೇನೋ ವಾಲಿದ್ದೇನೋ ಎಂದು ಹೇಗೆ ತಿಳಿಯಬೇಕು? ಅದಕ್ಕೇ ರೆಕ್ಕೆಯ ತುದಿಗೆ ತೆಳು ಸರಳುಗಳ ಒಂದು ಚೌಕಟ್ಟು ಕೂರಿಸುತ್ತಾರೆ. ನೋಡಲು ಥೇಟ್ ನಮ್ಮ ಮೂಲೆಮಟ್ಟ! ಪೈಲಟ್ ಪಕ್ಕಕ್ಕೆ ತಿರುಗಿ ಅದರ ಮೂಲಕ ದಿಗಂತವನ್ನು ನೋಡಬೇಕು. ಓರೆ ಸರಳು ದಿಗಂತಕ್ಕೆ ಹೊಂದಿದರೆ 45 ಡಿಗ್ರಿ, ಇನ್ನೊಂದು ಸರಳು ಹೊಂದಿದರೆ ನೇರ 90.

ಒಮ್ಮೆ ಕೂರಿಸಿದರೆ ಮುಗಿಯಿತು ಎಂದಲ್ಲ. ಮೇಲಿರುವವರಿಗೆ ತಮ್ಮ ಗೆರೆ ಕಾಣುವುದಿಲ್ಲ. ಕೆಳಗೆ ನಿಂತವರೊಬ್ಬರು ನೋಡಿ, "ಇನ್ನೂ ತುಸು ವಾಲುತ್ತಿದೆ" ಎನ್ನಬೇಕು. ಇಳಿದು ಸರಳನ್ನು ಸರಿಪಡಿಸಿ ಮತ್ತೆ ಹಾರಬೇಕು. ಸ್ಪರ್ಧೆಗಳಲ್ಲಿ 5 ಡಿಗ್ರಿ ತಪ್ಪಿದರೆ 10ರಲ್ಲಿ 1 ಅಂಕ ಕಡಿತ. ನಮಗಿಂತ ಬಿಗಿ ಮೇಷ್ಟ್ರುಗಳು ಅಲ್ಲಿದ್ದಾರೆ! ಅಂಥ ಸ್ಪರ್ಧೆಯಲ್ಲಿ, 1991ರಲ್ಲಿ, ಗಂಡಸರನ್ನೂ ಹಿಂದಿಕ್ಕಿ ಅಮೆರಿಕದ ರಾಷ್ಟ್ರೀಯ ಚಾಂಪಿಯನ್ ಆದ ಮೊದಲ ಮಹಿಳೆ ಪ್ಯಾಟಿ ವ್ಯಾಗ್‌ಸ್ಟಾಫ್. ಮುಂದಿನ ಎರಡು ವರ್ಷವೂ ಆಕೆಯೇ ಗೆದ್ದಳು.

ಕೆಳಗೆ ನಿಂತು ನೋಡಿ ಹೇಳುವುದೇ ಅಲ್ಲವೇ ನಮ್ಮ ಕೆಲಸವೂ? ಅಂದು ನಾನು ಅದನ್ನು ಮಾಡಲಿಲ್ಲ. ಆ ಹುಡುಗಿ ಈಗ ಎಲ್ಲಿದ್ದಾಳೋ. ಸಿಕ್ಕಿದರೆ ಈ ದಂಡೆಗೇ ಕರೆತಂದು, ಆ ಗೆರೆ ತೋರಿಸಿ, "ಇದಕ್ಕೆ ಬೇಕಿತ್ತು ಮಗಾ" ಎನ್ನಬೇಕು.