ಜಾಲಿ ಮರದ ಕೆಳಗಿನ ಕರಪತ್ರ

ಯೂನಿಯನ್ ಅಂದ ಕೂಡಲೇ ನಮ್ಮ ತಲೆಮಾರಿನ ಐಟಿ ಮಂದಿಗೆ ಕಣ್ಮುಂದೆ ಬರೋದು ಬಾವುಟ, ಧಿಕ್ಕಾರ, ಬಂದ್ ಆದ ರಸ್ತೆ. ಇವೆಲ್ಲ ವರ್ಷಕ್ಕೊಮ್ಮೆ ಬರೋ ಜಾತ್ರೆ. ಉಳಿದ ದಿನಗಳಲ್ಲಿ ಯೂನಿಯನ್ ಮಾಡೋ ಕೆಲಸ ತೀರಾ ಸಪ್ಪೆ: ಇವತ್ತು ಮಾತುಕತೆಯಲ್ಲಿ ಏನಾಯ್ತು ಅಂತ ಸದಸ್ಯರಿಗೆ ತಿಳಿಸೋದು, ಅವರ ಮನೆಯಲ್ಲಿ ಒಲೆ ಉರೀತಿದೆಯಾ ಅಂತ ಹೋಗಿ ನೋಡೋದು. ಆದರೆ ಸಂಘ ಉಳಿಯೋದು, ಮುರಿಯೋದು ಇಲ್ಲೇ ಅಂತ ನನಗನ್ನಿಸಿದ್ದು 1918ರ ಅಹಮದಾಬಾದ್ ಮಿಲ್ ಮುಷ್ಕರದ ಬಗ್ಗೆ ಓದುವಾಗ. ಮಹಾದೇವ ದೇಸಾಯಿ ಆ ಮುಷ್ಕರದ ಮೇಲೆ ಒಂದು ಪುಸ್ತಕವನ್ನೇ ಬರೆದಿದ್ದಾರೆ.

ಹಿನ್ನೆಲೆ ಚಿಕ್ಕದಾಗಿ ಹೇಳ್ತೀನಿ. 1917ರಲ್ಲಿ ಊರಿಗೆ ಪ್ಲೇಗ್ ಬಂತು. ಕೂಲಿಕಾರರು ಊರು ಬಿಟ್ಟು ಹೋಗದಿರಲಿ ಅಂತ ಮಿಲ್ ಮಾಲೀಕರು ‘ಪ್ಲೇಗ್ ಬೋನಸ್’ ಕೊಟ್ಟರು. ಕೆಲವರಿಗೆ ಅದು ಸಂಬಳದ ಶೇ. 70-80ರಷ್ಟಿತ್ತು. ನಮ್ಮ ರಿಟೆನ್ಷನ್ ಬೋನಸ್ಸಿನ ಮುತ್ತಜ್ಜ ಅಂದ್ಕೊಳ್ಳಿ. ಪ್ಲೇಗ್ ಹೋಯ್ತು, ಇನ್ನು ಬೋನಸ್ ಇಲ್ಲ ಅಂದರು. ಆದರೆ ಯುದ್ಧಕಾಲದಲ್ಲಿ ಏರಿದ ಬೇಳೆಕಾಳಿನ ಬೆಲೆ ಇಳಿದಿರಲಿಲ್ಲ. ನೇಕಾರರು ಶೇ. 50 ಹೆಚ್ಚಳ ಕೇಳಿದರು, ಮಾಲೀಕರು ಶೇ. 20ಕ್ಕೆ ನಿಂತರು. ಗಾಂಧಿ ಲೆಕ್ಕಪತ್ರ ತೆಗೆದು ನೋಡಿ ಶೇ. 35 ನ್ಯಾಯ ಅಂದರು. ಫೆಬ್ರವರಿ 22ಕ್ಕೆ ಮಾಲೀಕರು ಮಿಲ್ಲಿಗೆ ಬೀಗ ಹಾಕಿದರು.

ಗಾಂಧಿ ಬರೋಕೆ ಮುಂಚೆಯೇ ಈ ಜನರ ನಡುವೆ ಓಡಾಡಿಕೊಂಡಿದ್ದವರು ಅನಸೂಯಾ ಸಾರಾಭಾಯಿ. ಮೂವತ್ತಾರು ಗಂಟೆ ಒಂದೇ ಸಮನೆ ದುಡಿದು ಮನೆಗೆ ಹೋಗ್ತಿದ್ದ ಹೆಂಗಸರನ್ನು ಕಂಡಮೇಲೆ ಅವರಿಗೆ ಸುಮ್ಮನೆ ಕೂರೋಕೆ ಆಗಲಿಲ್ಲವಂತೆ. ವಿಚಿತ್ರ ನೋಡಿ, ಮಾಲೀಕರ ಕಡೆಯ ಮುಂದಾಳು ಅಂಬಾಲಾಲ್ ಸಾರಾಭಾಯಿ ಅವರ ಸ್ವಂತ ತಮ್ಮ.

ಬೀಗ ಬಿದ್ದ ನಾಲ್ಕು ದಿನಕ್ಕೆ ಕರಪತ್ರ ಶುರುವಾಯ್ತು. ಬರೆದವರು ಗಾಂಧಿ, ಹೊರಬಂದದ್ದು ಅನಸೂಯಾ ಹೆಸರಲ್ಲಿ. ಹೆಚ್ಚುಕಡಿಮೆ ದಿನಕ್ಕೊಂದು. ಸಂಜೆಯಾದರೆ ಸಾಬರಮತಿ ದಂಡೆಯ ಜಾಲಿ ಮರದ ಕೆಳಗೆ ಸಾವಿರಗಟ್ಟಲೆ ಜನ ಸೇರೋರು, ಅಲ್ಲಿ ಅದನ್ನು ಗಟ್ಟಿಯಾಗಿ ಓದಿ ಹೇಳೋರು. ಓದು ಬಾರದವರೇ ಜಾಸ್ತಿ ಇದ್ದ ಕಡೆ ಅಚ್ಚು ಹಾಕಿ ಹಂಚಿದರಷ್ಟೇ ಸಾಲದು ಅಂತ ಅವರಿಗೆ ಗೊತ್ತಿತ್ತು. (ನಮ್ಮೂರಿನ ಹಾಲಿನ ಡೈರಿ ಗೋಡೆ ಮೇಲೆ ವಾರ್ಷಿಕ ಸಭೆಯ ನೋಟಿಸ್ ಅಂಟಿಸಿರ್ತಿದ್ರು. ಅದನ್ನು ಪೂರ್ತಿ ಓದಿದವರನ್ನು ನಾನು ನೋಡಿಲ್ಲ. ತಮಟೆ ಹೊಡೆದು ಸಾರಿದ ಮೇಲೇ ಜನ ಬರ್ತಿದ್ದದ್ದು.)

ಆ ಕರಪತ್ರಗಳಲ್ಲಿ ಆವೇಶ ಕಮ್ಮಿ. ಶೇ. 35 ಯಾಕೆ, ಅದರ ಲೆಕ್ಕ ಎಲ್ಲಿಂದ ಬಂತು ಅನ್ನೋ ವಿವರಣೆ ಇದೆ. ಮಿಲ್ ಮುಚ್ಚಿರುವಾಗ ಇಡೀ ದಿನ ಏನು ಮಾಡಬೇಕು ಅನ್ನೋದಿದೆ: ಜೂಜಾಡಬೇಡಿ, ಮನೆ ರಿಪೇರಿ ಮಾಡ್ಕೊಳ್ಳಿ, ಬೇರೆ ಕೂಲಿ ಸಿಕ್ಕರೆ ಹೋಗಿ. ದಕ್ಷಿಣ ಆಫ್ರಿಕಾದ ಸತ್ಯಾಗ್ರಹಿಗಳ ಕಥೆ ಇದೆ. ಇಷ್ಟೇ ಆಗಿದ್ದರೆ ಇದನ್ನು ಒಳ್ಳೆಯ ನ್ಯೂಸ್‌ಲೆಟರ್ ಅಂತ ಹೊಗಳಿ ಮುಗಿಸಬಹುದಿತ್ತು. ಆದರೆ ಕರಪತ್ರದ ಜೊತೆಗೆ ಕಾಲೂ ಓಡಾಡ್ತಿದ್ದವು. ಅನಸೂಯಾ, ಶಂಕರಲಾಲ್ ಬ್ಯಾಂಕರ್, ಛಗನ್‌ಲಾಲ್ ಗಾಂಧಿ ದಿನಾ ವಠಾರಗಳಿಗೆ ಹೋಗಿ ಯಾರಿಗೆ ಕಾಯಿಲೆ, ಯಾರ ಮನೆಯಲ್ಲಿ ಹಿಟ್ಟಿಲ್ಲ ಅಂತ ಕೇಳೋರು. ಮುಷ್ಕರನಿರತರನ್ನು ಹೊರಗಿನವರ ದಾನದ ದುಡ್ಡಲ್ಲಿ ಸಾಕಬಾರದು ಅನ್ನೋದು ಗಾಂಧಿಯ ಹಟ. ಅದಕ್ಕೆ ಮಗನ್‌ಲಾಲ್ ಗಾಂಧಿ ಒಂದು ದಾರಿ ಹುಡುಕಿದರು. ಆಶ್ರಮದ ನೇಯ್ಗೆ ಶಾಲೆಯ ಪಾಯಕ್ಕೆ ಮರಳು ಬೇಕಿತ್ತು. ತಲೆ ಮೇಲೆ ಬುಟ್ಟಿ ಹೊತ್ತು ಮುಂದೆ ನಡೆದವರು ಅನಸೂಯಾ, ಹಿಂದೆ ಕೂಲಿಕಾರರ ಸಾಲು.

ಮಾರ್ಚ್ 12ಕ್ಕೆ ಮಾಲೀಕರು ಜಾಣ ಹೆಜ್ಜೆ ಇಟ್ಟರು. ಬೀಗ ತೆಗೆದು, ಶೇ. 20ಕ್ಕೆ ಒಪ್ಪಿದವರು ಬನ್ನಿ ಅಂದರು. ಬೆಳಿಗ್ಗೆ ಮಿಲ್ ಕಡೆ ಯಾರೂ ಹೋಗದಿರಲಿ ಅಂತ ಸಂಜೆಯ ಸಭೆಯನ್ನು ಬೆಳಗಿಗೆ ಬದಲಾಯಿಸಲಾಯ್ತು. ಸಭೆಗೆ ಬನ್ನಿ ಅಂತ ಕರೆಯೋಕೆ ಛಗನ್‌ಲಾಲ್ ಜುಗಲ್‌ದಾಸ್ ವಠಾರಕ್ಕೆ ಹೋದರು. ಅಲ್ಲಿ ಸಿಕ್ಕ ಉತ್ತರ ಖಾರವಾಗಿತ್ತು: ಗಾಂಧಿಗೆ, ಅನಸೂಯಾಬೆನ್‌ಗೆ ಏನು ಬಿಡಿ, ಕಾರಲ್ಲಿ ಬರ್ತಾರೆ, ಕಾರಲ್ಲಿ ಹೋಗ್ತಾರೆ, ಹೊಟ್ಟೆ ತುಂಬ ಊಟ ಮಾಡ್ತಾರೆ, ಇಲ್ಲಿ ಪ್ರಾಣ ಹೋಗ್ತಿರೋದು ನಮ್ಮದು, ಸಭೆಗೆ ಬಂದರೆ ಹಸಿವು ನಿಲ್ಲುತ್ತಾ? ಮಾತಿನ ಸಾರ ಇದು.

ಇಡೀ ಮುಷ್ಕರದಲ್ಲಿ ನನಗೆ ಅತಿ ಮುಖ್ಯ ಅನ್ನಿಸೋದು ಈ ಮಾತು. ಅಷ್ಟೂ ದಿನ ಸುದ್ದಿ ಮೇಲಿಂದ ಕೆಳಕ್ಕೆ ಇಳೀತಿತ್ತು, ಅವತ್ತು ಕೆಳಗಿಂದ ಮೇಲಕ್ಕೆ ಹತ್ತಿತು. ಛಗನ್‌ಲಾಲ್ ಅದನ್ನು ನುಂಗಿಕೊಳ್ಳದೆ, ಮೃದು ಮಾಡದೆ ಗಾಂಧಿಗೆ ಮುಟ್ಟಿಸಿದರು. ನಮ್ಮ ಆಫೀಸುಗಳಲ್ಲಿ ಇಂಥ ಮಾತು ಒಬ್ಬ ಮ್ಯಾನೇಜರ್‌ನಿಂದ ಇನ್ನೊಬ್ಬರಿಗೆ ಹೋಗೋಷ್ಟರಲ್ಲಿ ‘ಟೀಮ್‌ಗೆ ಕೆಲವು ಪ್ರಶ್ನೆಗಳಿವೆ’ ಅಂತಾಗಿರುತ್ತೆ. ಗಾಂಧಿ ಆ ಮಾತನ್ನು ಅವಮಾನ ಅಂತ ತಗೊಳ್ಳಲಿಲ್ಲ, ಸತ್ಯ ಅಂತ ತಗೊಂಡರು. ಮಾರ್ಚ್ 15ಕ್ಕೆ, ಇತ್ಯರ್ಥ ಆಗುವವರೆಗೆ ಊಟ ಮುಟ್ಟಲ್ಲ ಅಂದರು. ಉಪವಾಸ ಮಾಲೀಕರ ಮೇಲೂ ಒತ್ತಡ ಹಾಕಿತು, ಅದು ತಕ್ಕಮಟ್ಟಿಗೆ ಅನ್ಯಾಯವೇ ಅಂತ ಅವರೇ ಒಪ್ಪಿಕೊಂಡಿದ್ದಾರೆ. 18ಕ್ಕೆ ರಾಜಿ ಆಯ್ತು. ಮೊದಲ ದಿನ ಶೇ. 35, ಎರಡನೇ ದಿನ ಶೇ. 20, ಅಲ್ಲಿಂದ ಮುಂದೆ ಪಂಚಾಯ್ತಿ ತೀರ್ಮಾನ ಬರುವವರೆಗೆ ಶೇ. 27.5. ಕೂಲಿಕಾರರ ಪ್ರತಿಜ್ಞೆಗೂ ಮಾಲೀಕರ ಮಾತಿಗೂ ಒಂದೊಂದು ದಿನದ ಮರ್ಯಾದೆ! ಕೊನೆಗೆ ಪಂಚರಾದ ಆನಂದಶಂಕರ ಧ್ರುವ ಅವರು ಶೇ. 35 ಅಂತಲೇ ತೀರ್ಪು ಕೊಟ್ಟರು.

ಯೂನಿಯನ್ ಹುಟ್ಟಿದ್ದು ಆಮೇಲೆ, 1920ರ ಫೆಬ್ರವರಿ 25ಕ್ಕೆ. ಹೆಸರು ಮಜೂರ್ ಮಹಾಜನ್, ಅಧ್ಯಕ್ಷೆ ಅನಸೂಯಾ. ಇಲ್ಲಿ ದಿನದ ಕೆಲಸ ಪದ್ಧತಿಯಾಯ್ತು. ಕೂಲಿಕಾರ ಕಚೇರಿಗೆ ಬಂದು ದೂರು ಬರೆಸಬೇಕು, ಯೂನಿಯನ್ ಕಡೆಯವರು ಮಿಲ್ಲಿಗೆ ಹೋಗಿ ವಿಚಾರಿಸಬೇಕು, ಅಲ್ಲಿ ಬಗೆಹರಿಯದಿದ್ದರೆ ಮೇಲಿನ ಹಂತ. ನಮ್ಮ ಟಿಕೆಟ್ ಸಿಸ್ಟಮ್ಮೇ, ಕಾಗದದ ಮೇಲೆ. 1923ರಲ್ಲಿ ‘ಮಜೂರ್ ಸಂದೇಶ್’ ಪತ್ರಿಕೆ ಶುರುವಾಯ್ತು. ಅದೇ ವರ್ಷ ಕೂಲಿ ಕಡಿತದ ವಿರುದ್ಧ ನಡೆದ ದೊಡ್ಡ ಮುಷ್ಕರ ಸೋತು, ಸದಸ್ಯರು ಗುಂಪುಗುಂಪಾಗಿ ಬಿಟ್ಟು ಹೋದರು. ಹಾಗಾದಾಗ ಸಂಘವನ್ನು ಮತ್ತೆ ಕಟ್ಟೋಕೆ ಭಾಷಣ ಸಾಲಲ್ಲ. ದೂರಿನ ಪುಸ್ತಕ, ಆಸ್ಪತ್ರೆ, ಮಕ್ಕಳ ಶಾಲೆಯಂಥವೇ ಬೇಕು.

ಎಲ್ಲರಿಗೂ ಅದು ತಲುಪಿತು ಅಂತಲ್ಲ. ನೂಲುವ ವಿಭಾಗದ ದಲಿತ ಕಾರ್ಮಿಕರು ಯೂನಿಯನ್ನಿನ ಬೆನ್ನೆಲುಬಾಗಿದ್ದರು, ಮುಸ್ಲಿಂ ನೇಕಾರರು ಬಹಳಷ್ಟು ದೂರವೇ ಉಳಿದರು. ಮಿಲ್ಲಿನ ಗೇಟಿನ ಹೊರಗಿದ್ದವರು, ಅಂದರೆ ತಲೆಹೊರೆ ಹೊರುವ, ಗಾಡಿ ಎಳೆಯುವ ಹೆಂಗಸರು, ಯಾವ ಪಟ್ಟಿಯಲ್ಲೂ ಇರಲಿಲ್ಲ.

ಸುಮಾರು ಐವತ್ತು ವರ್ಷ ಕಳೆದ ಮೇಲೆ, 1970ರ ದಶಕದ ಶುರುವಿನಲ್ಲಿ, ಅದೇ ಯೂನಿಯನ್ನಿನ ಮಹಿಳಾ ವಿಭಾಗದಲ್ಲಿದ್ದ ಇಳಾ ಭಟ್ ಅವರ ಹತ್ತಿರ ಈ ಹೆಂಗಸರು ಬಂದರು. ಬಟ್ಟೆ ಮಾರುಕಟ್ಟೆಯಲ್ಲಿ ಹೊರೆ ಹೊತ್ತರೆ ಸಿಗೋ ಕೂಲಿಗೆ ಲೆಕ್ಕವೇ ಇಲ್ಲ ಅಂದರು. ಇಳಾ ಭಟ್ ಪತ್ರಿಕೆಗೆ ಲೇಖನ ಬರೆದರು. ವರ್ತಕರಿಗೆ ಸಿಟ್ಟು ಬಂತು. ಇದೆಲ್ಲ ಸುಳ್ಳು, ನಾವು ನ್ಯಾಯವಾಗೇ ನಡೆಸಿಕೊಳ್ತಿದ್ದೀವಿ ಅಂತ ಅವರೂ ಪತ್ರಿಕೆಯಲ್ಲೇ ಉತ್ತರ ಹಾಕಿಸಿದರು. ಮಹಿಳಾ ವಿಭಾಗದವರು ಜಗಳಕ್ಕೆ ಹೋಗಲಿಲ್ಲ. ವರ್ತಕರು ಹೇಳಿದ್ದನ್ನೇ ಕಾರ್ಡುಗಳ ಮೇಲೆ ಅಚ್ಚು ಹಾಕಿಸಿ ಹಂಚಿದರು, ಹೊರೆ ಹೊರುವ ಹೆಂಗಸರು ಅದನ್ನೇ ತೋರಿಸಿ, ನೀವೇ ಹೇಳಿದ್ದನ್ನು ಕೊಡಿ ಅಂತ ಕೇಳಲಿ ಅಂತ. ಇದಾದ ಸ್ವಲ್ಪದರಲ್ಲೇ, 1972ರಲ್ಲಿ, ‘ಸೇವಾ’ ನೋಂದಣಿಯಾಯ್ತು. 1981ರಲ್ಲಿ ಮಜೂರ್ ಮಹಾಜನ್ ಅದನ್ನು ಹೊರಗೆ ಹಾಕಿತು.