ಕಾಣದ ಗಾಯದ ಪ್ರಮಾಣ: ಬೆನ್ನಿನ ಪೆಟ್ಟು ಮತ್ತು ಕಾರ್ಮಿಕ ಪರಿಹಾರ ಶಾಸನದ ಇತಿಹಾಸ

ಯಂತ್ರಕ್ಕೆ ಸಿಕ್ಕಿ ಬೆರಳು ಕಳೆದುಕೊಂಡ ಕಾರ್ಮಿಕನಿಗೆ ಅವನ ಕೈಯೇ ಸಾಕ್ಷಿ. ಭಾರವನ್ನೆತ್ತುವಾಗ ಬೆನ್ನು ಉಳುಕಿದವನಿಗಾದರೋ ಅಂತಹ ಸಾಕ್ಷಿಯಿಲ್ಲ. ರಕ್ತ ಸುರಿದಿರುವುದಿಲ್ಲ, ಮೂಳೆ ಮುರಿದಿರುವುದಿಲ್ಲ. ನೋವುಂಟೆಂಬುದಕ್ಕೆ ಅವನ ಮಾತೇ ಮೊದಲ ಆಧಾರ. ಆ ನೋವು ಕೆಲಸದಿಂದ ಬಂದುದೋ, ವಯೋಧರ್ಮದಿಂದ ಬಂದುದೋ, ಮನೆಯಲ್ಲಿ ಸಂಭವಿಸಿದುದೋ ಎಂದು ಮಾಲೀಕನು ಕೇಳಿದಾಗ ನಿರ್ಣಯಿಸುವ ಬಗೆ ಹೇಗೆ? ಈ ಪ್ರಶ್ನೆಗೆ ದೊರೆತ ಉತ್ತರಗಳನ್ನು ಇಂಗ್ಲೆಂಡಿನ ಶಾಸನ ಮತ್ತು ಅದನ್ನು ಅನುಸರಿಸಿದ ಭಾರತದ ಶಾಸನಗಳ ಇತಿಹಾಸದಲ್ಲಿ ಪರಿಶೀಲಿಸುವುದು ನಮ್ಮ ಉದ್ದೇಶ.

ಕಾಣದ ಗಾಯದ ಮೇಲಿನ ಸಂಶಯವು ಕಾರ್ಮಿಕ ಶಾಸನಕ್ಕಿಂತ ಹಳೆಯದು. ರೈಲು ಅಪಘಾತಗಳಲ್ಲಿ ಸಿಲುಕಿದ ಪ್ರಯಾಣಿಕರು ಪರಿಹಾರಕ್ಕಾಗಿ ದಾವೆ ಹೂಡತೊಡಗಿದಾಗ, ಲಂಡನ್ನಿನ ಶಸ್ತ್ರವೈದ್ಯ ಎರಿಕ್‌ಸನ್, ಹೊರಗೆ ಗಾಯವಿಲ್ಲದೆಯೇ ಬೆನ್ನುಹುರಿಗೆ ತಗಲುವ ಅದಿರಾಟದಿಂದ ದೀರ್ಘರೋಗ ಉಂಟಾಗಬಹುದೆಂದು 1866ರಲ್ಲಿ ಪ್ರತಿಪಾದಿಸಿದನು. ರೈಲ್ವೆ ಸಂಸ್ಥೆಯೊಂದರ ಶಸ್ತ್ರವೈದ್ಯನಾಗಿದ್ದ ಹರ್ಬರ್ಟ್ ಪೇಜ್ 1883ರಲ್ಲಿ ಇದನ್ನು ಖಂಡಿಸಿ, ಇಂತಹ ಅನೇಕ ಪ್ರಸಂಗಗಳಲ್ಲಿ ಕಾರಣವು ಬೆನ್ನುಹುರಿಯ ಹಾನಿಯಲ್ಲ, ಭಯದ ಆಘಾತವೆಂದು ವಾದಿಸಿದನು. ವಾದಿಯ ಪರ ಒಬ್ಬ ವೈದ್ಯ, ಪ್ರತಿವಾದಿಯ ಪರ ಮತ್ತೊಬ್ಬ ವೈದ್ಯ ಎಂಬ ಪದ್ಧತಿಯು ಹೀಗೆ ಬೆನ್ನಿನ ನೋವಿನ ಸುತ್ತ ಮೊದಲೇ ಬೇರೂರಿದ್ದಿತು.

ಕಾರ್ಮಿಕನ ಸ್ಥಿತಿ ಪ್ರಯಾಣಿಕನದಕ್ಕಿಂತಲೂ ಕಷ್ಟವಾಗಿದ್ದಿತು. ಮಾಂಸದ ವ್ಯಾಪಾರಿಯೊಬ್ಬನ ಸೇವಕನು ಅತಿಭಾರ ಹೇರಿದ ಗಾಡಿಯಿಂದಾಗಿ ತೊಡೆ ಮುರಿದುಕೊಂಡ ಪ್ರಕರಣದಲ್ಲಿ, ಸೇವಕನಿಗೆ ಒಡೆಯನು ಹೊಣೆಯಲ್ಲವೆಂದು 1837ರಲ್ಲಿ ತೀರ್ಪಾಯಿತು. ಈ ಕಾಠಿಣ್ಯವನ್ನು 1880ರ ಶಾಸನವು ಕೊಂಚ ಸಡಿಲಿಸಿತು. 1897ರ ಶಾಸನವಾದರೋ ಮಾಲೀಕನ ತಪ್ಪನ್ನು ಸಾಧಿಸುವ ಅಗತ್ಯವನ್ನೇ ತೆಗೆದುಹಾಕಿತು. ಅಪಘಾತವು ಉದ್ಯೋಗದ ಅವಧಿಯಲ್ಲಿ ಸಂಭವಿಸಿರಬೇಕು ಮತ್ತು ಉದ್ಯೋಗದಿಂದಲೇ ಉದ್ಭವಿಸಿರಬೇಕು ಎಂಬ ಎರಡು ನಿಬಂಧನೆಗಳನ್ನು ಅದು ವಿಧಿಸಿತು. ಮೊದಲನೆಯದು ಕಾಲದ ಪ್ರಶ್ನೆ, ಎರಡನೆಯದು ಕಾರಣದ ಪ್ರಶ್ನೆ.

ಇಲ್ಲಿ ‘ಅಪಘಾತ’ವೆಂಬ ಶಬ್ದವೇ ತೊಡಕಾಯಿತು. ಜಾರಲಿಲ್ಲ, ಬೀಳಲಿಲ್ಲ, ಎಂದಿನ ಕೆಲಸವನ್ನು ಎಂದಿನಂತೆ ಮಾಡುತ್ತಿರುವಾಗ ದೇಹದೊಳಗೆ ಏನೋ ಹರಿದರೆ ಅದು ಅಪಘಾತವೇ? ಯಂತ್ರದ ಚಕ್ರವನ್ನು ಬಲವಾಗಿ ತಿರುಗಿಸುವಾಗ ಹರ್ನಿಯಾ ಉಂಟಾದ ಕಾರ್ಮಿಕನೊಬ್ಬನ ಬೇಡಿಕೆಯನ್ನು ಕೆಳಗಿನ ನ್ಯಾಯಾಲಯವು ತಿರಸ್ಕರಿಸಿದ್ದಿತು. 1903ರಲ್ಲಿ ಹೌಸ್ ಆಫ್ ಲಾರ್ಡ್ಸ್ ಅದನ್ನು ರದ್ದುಗೊಳಿಸಿತು. ನಿರೀಕ್ಷಿಸದ, ಉದ್ದೇಶಿಸದ ಅನಿಷ್ಟ ಸಂಗತಿಯೇ ಅಪಘಾತವೆಂಬ ಲಾರ್ಡ್ ಮ್ಯಾಕ್‌ನಾಟನ್ನನ ವಿವರಣೆಯು ಭಾರವೆತ್ತಿ ಬೆನ್ನು ಉಳುಕಿದವನಿಗೂ ಬಾಗಿಲು ತೆರೆಯಿತು. ತಿರುಪನ್ನು ಬಿಗಿಮಾಡುತ್ತಿರುವಾಗ, ಮೊದಲೇ ರೋಗಗ್ರಸ್ತವಾಗಿದ್ದ ರಕ್ತನಾಳ ಒಡೆದು ಸತ್ತ ಕಾರ್ಮಿಕನ ಪ್ರಕರಣವು 1910ರಲ್ಲಿ ಬಂದಿತು. ಆ ನಾಳ ನಿದ್ರೆಯಲ್ಲಿಯೂ ಒಡೆಯಬಹುದಾಗಿದ್ದಿತೆಂಬುದು ಸಿದ್ಧವಾಗಿದ್ದರೂ, ಕೆಲಸದ ಶ್ರಮವೂ ಕಾರಣವಾಗಿದ್ದರೆ ಸಾಕೆಂದು ಬಹುಮತದಿಂದ ತೀರ್ಮಾನವಾಯಿತು. ‘ನಿನ್ನ ಬೆನ್ನು ಮೊದಲೇ ಸವೆದಿತ್ತು’ ಎಂಬ ಮಾಲೀಕನ ಆಕ್ಷೇಪಕ್ಕೆ ಇದಕ್ಕಿಂತ ಸಮರ್ಥವಾದ ಉತ್ತರ ಮತ್ತೊಂದಿಲ್ಲ.

ಆದರೆ ಈ ಔದಾರ್ಯಕ್ಕೆ ಮೇರೆಯೂ ಇದ್ದಿತು. ಉಪಕರಣದ ಎಡೆಬಿಡದ ಉಜ್ಜಿನಿಂದ ಕ್ರಮೇಣ ಕೈಗೆ ಬಾವು ಬಂದ ಗಣಿಕಾರ್ಮಿಕನ ಬೇಡಿಕೆಯು 1905ರಲ್ಲಿ ಬಿದ್ದುಹೋಯಿತು; ಇಂತಹ ದಿನ, ಇಂತಹ ಗಳಿಗೆಯೆಂದು ತೋರಿಸಲಾಗದುದು ಅಪಘಾತವಲ್ಲವೆಂದು ನ್ಯಾಯಾಲಯ ಭಾವಿಸಿತು. 1906ರ ಶಾಸನವು ಔದ್ಯೋಗಿಕ ರೋಗಗಳ ಪಟ್ಟಿಯೊಂದನ್ನು ಸೇರಿಸಿತು. 1907ರಲ್ಲಿ ಗಣಿಗಾರರ ಕೈ, ಮೊಣಕೈ, ಮೊಣಕಾಲುಗಳ ಬಾವು ಆ ಪಟ್ಟಿಗೆ ಸೇರಿದುವು. ಬೆನ್ನು ಸೇರಲಿಲ್ಲ. ಆದುದರಿಂದ ಒಂದೇ ಎತ್ತುವಿಕೆಯಲ್ಲಿ ಬೆನ್ನು ಕೆಟ್ಟವನಿಗೆ ಪರಿಹಾರ ಸಾಧ್ಯವಾಯಿತು. ಇಪ್ಪತ್ತು ವರ್ಷ ಎತ್ತಿ ಕೆಟ್ಟವನಿಗೆ ಅದು ದುರ್ಲಭವಾಯಿತು.

ವೈದ್ಯವಿಜ್ಞಾನವು ಈ ತೊಡಕನ್ನು ಬಿಡಿಸಿತೆಂದು ಹೇಳುವಂತಿಲ್ಲ. 1895ರಲ್ಲಿ ರಾಂಟ್‌ಗೆನ್ ಕಂಡುಹಿಡಿದ ಕಿರಣಗಳು ಮೂಳೆಯ ಮುರಿತವನ್ನು ತೋರಿಸಿದುವೇ ಹೊರತು ಸ್ನಾಯುವಿನ ಉಳುಕನ್ನಲ್ಲ. ಬೆನ್ನುಮೂಳೆಯ ಮಣಿಗಳ ನಡುವಣ ಬಿಲ್ಲೆ ಹೊರಜಾರಿ ನರವನ್ನು ಒತ್ತುವುದರಿಂದ ಸೊಂಟದಿಂದ ಕಾಲಿಗಿಳಿಯುವ ನೋವು ಬರಬಹುದೆಂದು ಅಮೆರಿಕದ ಮಿಕ್ಸ್ಟರ್ ಮತ್ತು ಬಾರ್ 1934ರಲ್ಲಿ ಪ್ರಕಟಿಸಿದರು. ಬಿಲ್ಲೆ ಜಾರಿದೆಯೆಂಬುದನ್ನು ವೈದ್ಯನು ಕಾಣಬಲ್ಲನು. ಅದು ಎಂದು, ಯಾವ ಮೂಟೆಯ ಕೆಳಗೆ ಜಾರಿತೆಂಬುದನ್ನು ಕಾಣಲಾರನು. ನೋವಿಲ್ಲದೆ ಬದುಕುತ್ತಿರುವವರಲ್ಲಿಯೂ ಇಂತಹ ಬಿಲ್ಲೆಗಳು ಇರುತ್ತವೆಂಬುದು ಇಂದು ತಿಳಿದ ವಿಷಯ.

1897ರ ಪದಪುಂಜವು ಭಾರತದ 1923ರ ಕಾರ್ಮಿಕರ ಪರಿಹಾರ ಅಧಿನಿಯಮಕ್ಕೆ ಬಂದು, 1924ರ ಜುಲೈ 1ರಿಂದ ಜಾರಿಯಾಯಿತು. ಅಪಘಾತದ ಸೂಚನೆಯನ್ನು ಸಾಧ್ಯವಾದಷ್ಟು ಬೇಗ ಕೊಡಬೇಕೆಂದೂ, ಮಾಲೀಕನು ತನ್ನ ವೆಚ್ಚದಲ್ಲಿ ಏರ್ಪಡಿಸುವ ವೈದ್ಯಪರೀಕ್ಷೆಗೆ ಕಾರ್ಮಿಕನು ಒಳಪಡಬೇಕೆಂದೂ ಅದು ವಿಧಿಸಿತು. ಕಡಿದುಹೋದ ಅಂಗಗಳಿಗೆ ಅನುಸೂಚಿಯಲ್ಲಿ ಶೇಕಡಾವಾರು ಲೆಕ್ಕವುಂಟು. ಬೆನ್ನಿನ ಉಳುಕಿಗೆ ಅಂತಹ ಅಂಕೆಯಿಲ್ಲ, ಗಳಿಕೆಯ ಸಾಮರ್ಥ್ಯ ಎಷ್ಟು ಕುಗ್ಗಿತೆಂಬುದನ್ನು ವೈದ್ಯನ ಅಂದಾಜಿನಿಂದಲೇ ತಿಳಿಯಬೇಕು. ಹಡಗಿನಿಂದ ಕಾಣೆಯಾದ ನಾವಿಕನೊಬ್ಬನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1969ರಲ್ಲಿ, ಉದ್ಯೋಗಕ್ಕೂ ಅಪಘಾತಕ್ಕೂ ಕಾರಣಸಂಬಂಧವನ್ನು ತೋರಿಸುವ ಭಾರ ಬೇಡಿಕೆದಾರನದೆಂದೂ, ಪ್ರತ್ಯಕ್ಷ ಸಾಕ್ಷ್ಯವಿಲ್ಲದಿದ್ದರೆ ಸಂದರ್ಭಗಳಿಂದ ಅನುಮಾನಿಸಬಹುದೆಂದೂ ಹೇಳಿತು. ಆ ಪ್ರಕರಣದಲ್ಲಿ ಅನುಮಾನಕ್ಕೆ ಸಾಕಷ್ಟು ಆಧಾರ ಕಾಣಲಿಲ್ಲ.

ಇದೆಲ್ಲವನ್ನೂ ಪರ್ಯಾಲೋಚಿಸಿದಾಗ ನಮಗೆ ತೋರುವುದು ಇಷ್ಟು: ಬೆನ್ನಿನ ಪೆಟ್ಟಿನ ಪ್ರಮಾಣವು ದೇಹದಲ್ಲಿರುವುದಕ್ಕಿಂತ ಹೆಚ್ಚಾಗಿ ದಿನಚರಿಯಲ್ಲಿದೆ. ಅಂದು ಅವನು ಹಾಜರಿದ್ದನೇ, ಎಷ್ಟು ತೂಕ ಎತ್ತಿದನು, ಪಕ್ಕದಲ್ಲಿದ್ದವನಿಗೆ ನೋವೆಂದು ಹೇಳಿದನೇ, ಮೇಸ್ತ್ರಿಗೆ ತಿಳಿಸಿದನೇ, ವೈದ್ಯನ ಮೊದಲ ಚೀಟಿಯಲ್ಲಿ ಕೆಲಸದ ಮಾತು ಬರೆದಿದೆಯೇ ಎಂಬುವೇ ತೀರ್ಪನ್ನು ರೂಪಿಸುತ್ತವೆ. ಆದರೆ ಹಾಜರಿಪುಸ್ತಕ ಮಾಲೀಕನ ವಶದಲ್ಲಿದೆ. ಪಕ್ಕದವನು ಅದೇ ಮಾಲೀಕನ ಕೂಲಿಯವನು. ದಿನಗೂಲಿಯವನಿಗಾದರೆ ಎಷ್ಟೋ ವೇಳೆ ಹಾಜರಿಪುಸ್ತಕವೇ ಇಲ್ಲ. ತಪ್ಪನ್ನು ಸಾಧಿಸುವ ಹೊರೆಯನ್ನು ಶಾಸನವು ಕಾರ್ಮಿಕನ ಮೇಲಿನಿಂದ ಇಳಿಸಿತು. ದಾಖಲೆಯನ್ನು ಒದಗಿಸುವ ಹೊರೆಯನ್ನು ಇಳಿಸಲಿಲ್ಲ. 1923ರ ಅಧಿನಿಯಮದ ವಿಷಯವನ್ನು ಒಳಗೊಂಡ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಅದೇ ಎರಡು ನಿಬಂಧನೆಗಳು ಉಳಿದಿವೆ. ಆದುದರಿಂದ ಕಾರ್ಮಿಕ ಇತಿಹಾಸವನ್ನು ಬರೆಯುವವರು ಪರಿಹಾರ ಪಡೆದವರ ಕಡತಗಳನ್ನಷ್ಟೇ ಎಣಿಸಿದರೆ ಸಾಲದು; ಕಡತವೇ ಆಗದೆ ಹೋದ ಬೆನ್ನುಗಳೂ ಆ ಇತಿಹಾಸಕ್ಕೆ ಸೇರಿದವೆಂಬುದನ್ನು ಗಮನದಲ್ಲಿಡಬೇಕಾಗುತ್ತದೆ.